ನಿವೃತ್ತಿಯ ದುಡ್ಡು: ಅಂಚೆ ಕಚೇರಿ, ಬ್ಯಾಂಕ್, ವಿಮಾ ಪಿಂಚಣಿ, ಮ್ಯೂಚುವಲ್ ಫಂಡ್ – ಯಾವುದರಲ್ಲಿ ಎಷ್ಟು?

ಹಳೇ ಪಿಂಚಣಿ ಇರುವ ಸರ್ಕಾರಿ ನೌಕರರಿಗೆ ಈ ಬರಹ ಅಷ್ಟಾಗಿ ಬೇಕಿಲ್ಲ. ತಿಂಗಳಾದರೆ ಪಿಂಚಣಿ ಬರುತ್ತದೆ, ಬೆಲೆ ಏರಿದರೆ ತುಟ್ಟಿಭತ್ಯೆಯೂ ಏರುತ್ತದೆ. ಅವರು ಹೋದ ಮೇಲೆ ಹೆಂಡತಿಗೆ ಕುಟುಂಬ ಪಿಂಚಣಿ. ಕಷ್ಟ ಇರುವುದು ಮಿಕ್ಕವರಿಗೆ. ಕಾರ್ಖಾನೆಯಲ್ಲಿ, ಖಾಸಗಿ ಕಂಪನಿಯಲ್ಲಿ, ಅನುದಾನವಿಲ್ಲದ ಶಾಲೆಯಲ್ಲಿ ದುಡಿದವರ ಖಾತೆಗೆ ಒಂದು ದಿನ ಪಿಎಫ್, ಗ್ರಾಚ್ಯುಟಿ ಎಲ್ಲ ಒಟ್ಟಿಗೆ ಬಂದು ಬೀಳುತ್ತದೆ. ಮರುತಿಂಗಳಿಂದ ಸಂಬಳ ನಿಂತುಹೋಗುತ್ತದೆ. ಆ ವಾರದಲ್ಲೇ ಬ್ಯಾಂಕಿನಿಂದ ಫೋನು ಬರುತ್ತದೆ, 'ಸರ್, ಒಂದು ಒಳ್ಳೇ ಪ್ಲಾನ್ ಇದೆ' ಅಂತ.

ಯಾವುದರಲ್ಲಿ ಬಡ್ಡಿ ಜಾಸ್ತಿ ಅಂತ ಎಲ್ಲರೂ ಕೇಳುತ್ತಾರೆ. ನನ್ನ ಮಟ್ಟಿಗೆ ಅದು ಎರಡನೇ ಪ್ರಶ್ನೆ. ಮೊದಲನೆಯದು ಇದು: ನಾಳೆ ನಾನಿಲ್ಲ ಅಂದರೆ, ಈ ದುಡ್ಡು ನನ್ನ ಹೆಂಡತಿ ಅಥವಾ ಗಂಡನ ಕೈಗೆ ತಿಂಗಳು ತಿಂಗಳು ಬರುತ್ತಾ? ಎಷ್ಟು ವರ್ಷ ಬರುತ್ತೆ? ಹೀಗೆ ಕೇಳಿ ನೋಡಿದರೆ, ಬಡ್ಡಿ ನೋಡಿ ಬರೆದುಕೊಂಡ ಪಟ್ಟಿಯ ಸಾಲು ಸಾಕಷ್ಟು ಬದಲಾಗುತ್ತದೆ.

ಒಂದು ಲೆಕ್ಕ ಮುಂದಿಟ್ಟುಕೊಳ್ಳೋಣ. ಇದು ಬರೀ ಉದಾಹರಣೆ. ದಾವಣಗೆರೆಯಲ್ಲಿ ಸ್ವಂತ ಮನೆ ಇರುವ ದಂಪತಿ. ಗಂಡನಿಗೆ 60, ಹೆಂಡತಿಗೆ 56. ಸಾಲವಿಲ್ಲ, ಮಕ್ಕಳ ಮದುವೆ ಆಗಿದೆ. ಕೈಗೆ ಬಂದದ್ದು 60 ಲಕ್ಷ. ಮನೆ ಖರ್ಚು ತಿಂಗಳಿಗೆ 35 ಸಾವಿರ. ಪಿಎಫ್ ಜೊತೆಗಿನ ಇಪಿಎಸ್ ಪಿಂಚಣಿ 5 ಸಾವಿರ ಬರುತ್ತದೆ ಅಂದುಕೊಳ್ಳಿ. ಸಂಬಳ ಎಷ್ಟೇ ಇದ್ದರೂ ಬಹುಪಾಲು ಜನರ ಇಪಿಎಸ್ ಲೆಕ್ಕ ತಿಂಗಳಿಗೆ 15 ಸಾವಿರ ಸಂಬಳದ ಮಿತಿಯೊಳಗೇ ನಡೆಯುವುದರಿಂದ ಇದಕ್ಕಿಂತ ದೊಡ್ಡ ಆಸೆ ಬೇಡ. ಗಂಡ ತೀರಿಕೊಂಡರೆ ಅದರಲ್ಲಿ ಅರ್ಧ ಮಾತ್ರ ಹೆಂಡತಿಗೆ ಸಿಗುತ್ತದೆ. ತುಟ್ಟಿಭತ್ಯೆ ಇಲ್ಲವೇ ಇಲ್ಲ.

ಮೊದಲು ಆಸ್ಪತ್ರೆ ವಿಮೆ, ಆಮೇಲೆ ಹೂಡಿಕೆ

ಹೂಡಿಕೆಯ ಮಾತಿಗೆ ಮುಂಚೆ ಇದನ್ನು ಯಾಕೆ ಎಳೆದು ತಂದೆ ಅಂದರೆ, ವಿಮೆ ಇಲ್ಲದೆ ಒಂದು ಬೈಪಾಸ್ ಆದರೆ ಮುಂದಿನ ಲೆಕ್ಕವೆಲ್ಲ ಹಾಳು. ಇಲ್ಲಿ ನಾಲ್ಕು ದಾರಿಗಳಿವೆ.

ಮಗನ ಕಂಪನಿಯ ಗುಂಪು ವಿಮೆಯಲ್ಲಿ ಅಪ್ಪ ಅಮ್ಮನನ್ನು ಸೇರಿಸುವುದು ಮೊದಲನೆಯದು. ಬೆಂಗಳೂರಿನಲ್ಲಿ ಐಟಿ ಕೆಲಸದ ಮಕ್ಕಳಿರುವ ಮನೆಗಳಲ್ಲಿ ಇದು ಮಾಮೂಲು. ಹಳೇ ಶುಗರ್, ಬಿಪಿ ಇದ್ದರೂ ಸಾಮಾನ್ಯವಾಗಿ ಮೊದಲ ದಿನದಿಂದಲೇ ರಕ್ಷಣೆ ಸಿಗುತ್ತದೆ. ಒಳ್ಳೆಯದೇ. ಆದರೆ ಮಗನ ಕೆಲಸ ಹೋದ ದಿನ ನಿಮ್ಮ ವಿಮೆಯೂ ಹೋಗುತ್ತದೆ. ಕಂಪನಿ ಒಂದು ವರ್ಷ 'ಈ ಸಲ ತಂದೆತಾಯಿಗೆ ಇಲ್ಲ' ಅಂದರೂ ಅಷ್ಟೇ. 68ನೇ ವಯಸ್ಸಿನಲ್ಲಿ ಹೊಸ ಪಾಲಿಸಿ ಹುಡುಕುತ್ತಾ ಹೋಗುವುದು ಸುಲಭವಲ್ಲ. ಹಾಗಾಗಿ ಇದನ್ನು ಹೆಚ್ಚುವರಿ ಅಂತ ಇಟ್ಟುಕೊಳ್ಳಿ, ಇದೊಂದನ್ನೇ ನಂಬಬೇಡಿ.

ಎರಡನೆಯದು ಸ್ವಂತ ಪಾಲಿಸಿ. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ನಿಯಮ ಬದಲಿಸಿತು. 65 ದಾಟಿದವರಿಗೂ ಕಂಪನಿಗಳು ಪಾಲಿಸಿ ಮಾರಬಹುದು. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಹೆಚ್ಚೆಂದರೆ ಮೂರು ವರ್ಷ. ಐದು ವರ್ಷ ಬಿಡದೆ ಕಟ್ಟಿದ್ದರೆ, ವಂಚನೆ ಸಾಬೀತಾಗದ ಹೊರತು 'ನೀವು ಆಗ ಹೇಳಿರಲಿಲ್ಲ' ಅಂತ ಕ್ಲೇಮು ತಳ್ಳಿಹಾಕುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆ ಮೇಲಿನ ಶೇ. 18 ಜಿಎಸ್‌ಟಿಯೂ ಹೋಯಿತು. ಹಿರಿಯರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ. 10ಕ್ಕಿಂತ ಜಾಸ್ತಿ ಏರಿಸಬೇಕಾದರೆ ಕಂಪನಿ ಮೊದಲು ಪ್ರಾಧಿಕಾರವನ್ನು ಕೇಳಬೇಕು. ಪಾಲಿಸಿ ಹೋಲಿಸುವಾಗ ಮೊತ್ತ ನೋಡಿ ಮರುಳಾಗಬೇಡಿ. ಎರಡು ವಿಷಯ ಕೇಳಿ: ಕೋ-ಪೇ, ಅಂದರೆ ಬಿಲ್ಲಿನಲ್ಲಿ ನಾವೇ ಕೊಡಬೇಕಾದ ಪಾಲು ಎಷ್ಟು, ರೂಮ್ ಬಾಡಿಗೆಗೆ ಮಿತಿ ಇದೆಯಾ? ಶೇ. 20 ಕೋ-ಪೇ ಇರುವ 10 ಲಕ್ಷದ ಪಾಲಿಸಿಯಲ್ಲಿ 5 ಲಕ್ಷದ ಬಿಲ್ಲಾದರೆ ಒಂದು ಲಕ್ಷ ನಿಮ್ಮ ಜೇಬಿಂದಲೇ ಹೋಗುತ್ತದೆ. ರೂಮ್ ಮಿತಿ ಇನ್ನೂ ಕೆಟ್ಟದ್ದು. ಮಿತಿ ಮೀರಿದ ರೂಮಿಗೆ ಸೇರಿದರೆ ಎಷ್ಟೋ ಪಾಲಿಸಿಗಳಲ್ಲಿ ಬರೀ ಬಾಡಿಗೆಯಲ್ಲ, ಡಾಕ್ಟರ ಫೀಸು, ಆಪರೇಷನ್ ಖರ್ಚು ಎಲ್ಲದರಲ್ಲೂ ಅದೇ ಪ್ರಮಾಣದಲ್ಲಿ ಕತ್ತರಿ ಬೀಳುತ್ತದೆ.

ಮೂರನೆಯದು ಸೂಪರ್ ಟಾಪ್-ಅಪ್. ಮೂಲ ಪಾಲಿಸಿ 5 ಲಕ್ಷಕ್ಕೆ ಇಟ್ಟು, ವರ್ಷದ ಒಟ್ಟು ಬಿಲ್ಲು ಅದನ್ನು ದಾಟಿದ ಮೇಲಿನದ್ದಕ್ಕೆ ಇದು. ದೊಡ್ಡ ಮೊತ್ತದ ಒಂದೇ ಪಾಲಿಸಿಗಿಂತ ಹೀಗೆ ಎರಡು ಸೇರಿಸಿದರೆ ಸಾಮಾನ್ಯವಾಗಿ ಅಗ್ಗ. ಬರೀ 'ಟಾಪ್-ಅಪ್' ಬೇಡ. ಅದು ಒಂದೊಂದು ಸಲದ ಬಿಲ್ಲನ್ನೂ ಬೇರೆ ಬೇರೆ ಲೆಕ್ಕ ಹಾಕುತ್ತದೆ. ಮೂರು ಸಲ ಮೂರು ಮೂರು ಲಕ್ಷ ಆದರೂ ಏನೂ ಸಿಗದೆ ಹೋಗಬಹುದು.

ನಾಲ್ಕನೆಯದು 70 ದಾಟಿದವರಿಗೆ ಆಯುಷ್ಮಾನ್ ವಯ ವಂದನಾ ಕಾರ್ಡ್. 2024ರ ಅಕ್ಟೋಬರ್‌ನಲ್ಲಿ ಬಂತು. ಆದಾಯ ಎಷ್ಟೇ ಇರಲಿ, ವರ್ಷಕ್ಕೆ 5 ಲಕ್ಷ. ನೀವು ಹೋಗುವ ಆಸ್ಪತ್ರೆಯಲ್ಲಿ ಅದು ನಡೆಯುತ್ತಾ ಅಂತ ಮೊದಲೇ ವಿಚಾರಿಸಿಕೊಳ್ಳಿ. ಹಳ್ಳಿ ಕಡೆ ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಕೂಡ ಇದೆ.

ವರ್ಷಕ್ಕೆ 50 ಸಾವಿರ ಪ್ರೀಮಿಯಂ ಅಂದರೂ ತಿಂಗಳಿಗೆ ನಾಲ್ಕು ಸಾವಿರದ ಮೇಲಾಯಿತು. ನಮ್ಮ ದಂಪತಿಯ 35 ಸಾವಿರದಲ್ಲಿ ಇದೂ ಸೇರಿರಬೇಕು. ಜೀವ ವಿಮೆಯ ವಿಷಯದಲ್ಲಿ ಒಂದೇ ಮಾತು: ನಿಮ್ಮ ಸಂಬಳ ನಂಬಿಕೊಂಡವರು ಈಗ ಯಾರೂ ಇಲ್ಲವಾದರೆ ಹೊಸದು ಬೇಡ.

ತಿಂಗಳ ಖರ್ಚಿಗೆ: ಎಸ್‌ಸಿಎಸ್‌ಎಸ್ ಮೊದಲು, ಮಿಕ್ಕದ್ದು ಆಮೇಲೆ

ಹಿರಿಯ ನಾಗರಿಕರ ಉಳಿತಾಯ ಯೋಜನೆ, ಅಂದರೆ ಎಸ್‌ಸಿಎಸ್‌ಎಸ್, 2004ರಲ್ಲಿ ಶುರುವಾದಾಗ ಬಡ್ಡಿ ಶೇ. 9 ಇತ್ತು. 2020ರ ಏಪ್ರಿಲ್‌ನಲ್ಲಿ ಶೇ. 7.4ಕ್ಕೆ ಇಳಿಯಿತು. 2023ರ ಏಪ್ರಿಲ್‌ನಲ್ಲಿ ಶೇ. 8.2 ಆಯಿತು. ಅದೇ ವರ್ಷ ಮಿತಿಯನ್ನೂ 15ರಿಂದ 30 ಲಕ್ಷಕ್ಕೆ ಏರಿಸಿದರು. ಸರ್ಕಾರ ಮೂರು ತಿಂಗಳಿಗೊಮ್ಮೆ ದರ ಪರಿಶೀಲಿಸುತ್ತದೆ, ಆದ್ದರಿಂದ ಕಟ್ಟುವ ದಿನದ ದರ ಕೇಳಿಕೊಳ್ಳಿ. ಒಮ್ಮೆ ಕಟ್ಟಿದ ಮೇಲೆ ಐದು ವರ್ಷ ಅದೇ ದರ.

30 ಲಕ್ಷಕ್ಕೆ ಶೇ. 8.2ರಂತೆ ಮೂರು ತಿಂಗಳಿಗೆ 61,500 ರೂಪಾಯಿ. ತಿಂಗಳಿಗೆ 20,500 ಅಂತಾಯಿತು. ಇಷ್ಟು ಬಡ್ಡಿ, ಸರ್ಕಾರದ ಖಾತ್ರಿ ಎರಡೂ ಒಟ್ಟಿಗೆ ಬೇರೆಲ್ಲೂ ಸುಲಭವಾಗಿ ಸಿಗುವುದಿಲ್ಲ. ಬ್ಯಾಂಕಿಗೆ ಹೋಗಿ 'ಎಸ್‌ಸಿಎಸ್‌ಎಸ್ ಖಾತೆ ಮಾಡಿಕೊಡಿ' ಅಂದರೆ ಕೆಲವು ಕಡೆ ಮುಖ ಸಣ್ಣದಾಗುತ್ತದೆ. ವಿಮೆ ಮಾರಿದರೆ ಸಿಗುವಷ್ಟು ಕಮಿಷನ್ ಅವರಿಗೆ ಅದರಲ್ಲಿ ಇಲ್ಲ ನೋಡಿ. ಹಟ ಬಿಡಬೇಡಿ, ಇಲ್ಲವೇ ನೇರ ಅಂಚೆ ಕಚೇರಿಗೆ ಹೋಗಿ. 55ರಿಂದ 60ರ ಒಳಗೆ ನಿವೃತ್ತರಾದವರೂ ತೆರೆಯಬಹುದು, ಆದರೆ ನಿವೃತ್ತಿಯ ದುಡ್ಡು ಕೈಸೇರಿದ ಮೂರು ತಿಂಗಳೊಳಗೆ ಕಟ್ಟಬೇಕು.

ಮಧ್ಯದಲ್ಲಿ ಮುರಿದರೆ ದಂಡ ಇದೆ. ಒಂದು ವರ್ಷದೊಳಗಾದರೆ ಬಂದ ಬಡ್ಡಿಯೂ ವಾಪಸ್. ಎರಡು ವರ್ಷದೊಳಗಾದರೆ ಅಸಲಿನ ಶೇ. 1.5, ಆಮೇಲಾದರೆ ಶೇ. 1 ಕಡಿತ.

ಈಗ ಹೆಂಡತಿಯ ಪ್ರಶ್ನೆ ಕೇಳಿ. ಜಂಟಿ ಖಾತೆಯಾಗಿದ್ದರೆ ಅಥವಾ ಹೆಂಡತಿಯೊಬ್ಬರೇ ನಾಮಿನಿಯಾಗಿದ್ದರೆ, ಗಂಡ ಹೋದ ಮೇಲೆ ಅವರು ಖಾತೆ ಮುಂದುವರಿಸಬಹುದು. ಆದರೆ ಅವರಿಗೂ ಈ ಯೋಜನೆಯ ಅರ್ಹತೆ ಇರಬೇಕು. ನಮ್ಮ ಉದಾಹರಣೆಯ ಹೆಂಡತಿಗೆ 56. ಈಗಲೇ ಏನಾದರೂ ಆದರೆ ಆ 30 ಲಕ್ಷ ಅವರ ಕೈಗೆ ವಾಪಸ್ ಬರುತ್ತದೆ, ಎಲ್ಲಿಡುವುದು ಎನ್ನುವ ಯೋಚನೆಯೂ ಜೊತೆಗೇ ಬರುತ್ತದೆ. ಗಂಡ ಹೆಂಡತಿ ಇಬ್ಬರಿಗೂ 60 ಆಗಿದ್ದರೆ ಬೇರೆ ಬೇರೆ ಹೆಸರಲ್ಲಿ ತಲಾ 30 ಲಕ್ಷದವರೆಗೆ ಇಡಬಹುದು. ಎಲ್ಲವೂ ಒಬ್ಬರ ಹೆಸರಲ್ಲಿ ಇರುವುದಕ್ಕಿಂತ ಅದು ಎಷ್ಟೋ ವಾಸಿ.

ಅಂಚೆಯ ಮಾಸಿಕ ಆದಾಯ ಯೋಜನೆಗೆ ವಯಸ್ಸಿನ ಕಟ್ಟು ಇಲ್ಲ. ಒಬ್ಬರಿಗೆ 9 ಲಕ್ಷ, ಜಂಟಿಯಾದರೆ 15 ಲಕ್ಷ. ಬಡ್ಡಿ ಶೇ. 7.4. ಜಂಟಿಯಾಗಿ 15 ಲಕ್ಷ ಇಟ್ಟರೆ ತಿಂಗಳಿಗೆ 9,250. ಎಸ್‌ಸಿಎಸ್‌ಎಸ್‌ಗಿಂತ ಕಡಿಮೆಯೇ. ಆದರೂ ನಮ್ಮ ಲೆಕ್ಕದಲ್ಲಿ ಇದಕ್ಕೆ ಜಾಗವಿದೆ, ಯಾಕೆಂದರೆ 56ರ ಹೆಂಡತಿಯೂ ಇದರಲ್ಲಿ ಸಮಾನ ಪಾಲುದಾರರು.

ರಿಸರ್ವ್ ಬ್ಯಾಂಕಿನ ಫ್ಲೋಟಿಂಗ್ ರೇಟ್ ಬಾಂಡ್ ಇನ್ನೊಂದು. ಅಂಚೆಯ ರಾಷ್ಟ್ರೀಯ ಉಳಿತಾಯ ಪತ್ರದ (ಎನ್‌ಎಸ್‌ಸಿ) ದರಕ್ಕಿಂತ ಶೇ. 0.35 ಜಾಸ್ತಿ, ಆರು ತಿಂಗಳಿಗೊಮ್ಮೆ ಬಡ್ಡಿ, ಮಿತಿಯೇ ಇಲ್ಲ. ಆದರೆ ಏಳು ವರ್ಷ ಸಿಕ್ಕಿಹಾಕಿಕೊಂಡಂತೆ. ಹಿರಿಯರಿಗೆ ಸ್ವಲ್ಪ ವಿನಾಯಿತಿ ಇದ್ದರೂ 60ರಿಂದ 70ರೊಳಗಿನವರು ಆರು ವರ್ಷವಾದರೂ ಕಾಯಬೇಕು. ಕೋಟಿ ಮೀರಿದ ದುಡ್ಡಿರುವವರು ನೋಡಲಿ, ನಮ್ಮ ದಂಪತಿಗೆ ಬೇಡ.

ಬ್ಯಾಂಕ್ ಎಫ್‌ಡಿ ಬಲ್ಲವರಿಗೆ ಹೇಳುವುದೇನಿಲ್ಲ. ಬೇಕಾದಾಗ ಮುರಿಯಬಹುದು, ಅದೇ ಅದರ ದೊಡ್ಡ ಗುಣ. ಹಿರಿಯರಿಗೆ ಸಾಮಾನ್ಯವಾಗಿ ಅರ್ಧ ಪರ್ಸೆಂಟ್ ಜಾಸ್ತಿ. ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳಬೇಕು. ಠೇವಣಿ ವಿಮೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ, ಅಸಲು ಬಡ್ಡಿ ಸೇರಿ, 5 ಲಕ್ಷದವರೆಗೆ. 2020ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ ಒಬ್ಬರು ತೆಗೆಯಬಹುದಾಗಿದ್ದದ್ದು 35 ಸಾವಿರ. ನಿವೃತ್ತಿಯ ಅಷ್ಟೂ ದುಡ್ಡು ಅಲ್ಲೇ ಇಟ್ಟಿದ್ದ ಹಿರಿಯರು ಬೀದಿಯಲ್ಲಿ ಸಾಲಾಗಿ ನಿಂತದ್ದನ್ನು ಟಿವಿಯಲ್ಲಿ ನೋಡಿದವರಿಗೆ ನೆನಪಿರುತ್ತದೆ. ಇನ್ನು ಬ್ಯಾಂಕ್ ಲೈಸೆನ್ಸ್ ಇಲ್ಲದ ಪತ್ತಿನ ಸಂಘ, ಸೌಹಾರ್ದ ಸಹಕಾರಿಗಳಿಗೆ ಈ 5 ಲಕ್ಷದ ವಿಮೆಯೂ ಇಲ್ಲ. ಅಧ್ಯಕ್ಷರು ನಮ್ಮ ಬೀದಿಯವರೇ, ಬಡ್ಡಿ ಎರಡು ಪರ್ಸೆಂಟ್ ಜಾಸ್ತಿ ಅಂತ ಅಲ್ಲಿ ದುಡ್ಡು ಸುರಿಯಬೇಡಿ.

ವಿಮಾ ಕಂಪನಿಯ ಪಿಂಚಣಿ

ಒಂದೇ ಸಲ ದುಡ್ಡು ಕೊಟ್ಟು ಬದುಕಿರುವವರೆಗೂ ಪಿಂಚಣಿ ಪಡೆಯುವುದು ಆನ್ಯುಟಿ. ಎಲ್‌ಐಸಿಯ ಜೀವನ್ ಅಕ್ಷಯ್ ಇಂಥದ್ದು, ಬೇರೆ ಕಂಪನಿಗಳಲ್ಲೂ ಇವೆ. 'ಪ್ರಧಾನ ಮಂತ್ರಿ ವಯ ವಂದನಾ ಇಲ್ವಾ?' ಅಂತ ಈಗಲೂ ಕೇಳುವವರಿದ್ದಾರೆ. ಅದು 2023ರ ಮಾರ್ಚ್ 31ಕ್ಕೆ ಮುಗಿಯಿತು.

ಇದರಲ್ಲಿ ಆಯ್ಕೆಗಳು ಹಲವು. ಮುಖ್ಯವಾದವು ಮೂರು. ಒಂದು, ನೀವಿರುವವರೆಗೆ ಮಾತ್ರ ಪಿಂಚಣಿ, ಆಮೇಲೆ ಯಾರಿಗೂ ಏನೂ ಇಲ್ಲ. ಇದರಲ್ಲಿ ದರ ಜಾಸ್ತಿ. ಎರಡು, ನೀವು ಹೋದ ಮೇಲೆ ಅಸಲು ನಾಮಿನಿಗೆ ವಾಪಸ್. ದರ ಕಡಿಮೆ. ಮೂರು, ಗಂಡ ಹೆಂಡತಿ ಇಬ್ಬರೂ ಇರುವವರೆಗೆ ಪೂರ್ತಿ ಪಿಂಚಣಿ, ಇಬ್ಬರೂ ಹೋದ ಮೇಲೆ ಅಸಲು ಮಕ್ಕಳಿಗೆ.

ಮೂರನೆಯದರಲ್ಲಿ ಶೇ. 6.5 ಸಿಕ್ಕಿತು ಅಂದುಕೊಳ್ಳಿ. 15 ಲಕ್ಷಕ್ಕೆ ತಿಂಗಳಿಗೆ 8,125. ಮಾಸಿಕ ಆದಾಯ ಯೋಜನೆಗಿಂತ ಸಾವಿರದಷ್ಟು ಕಡಿಮೆ. ಬಡ್ಡಿ ನೋಡುವವರು ಇಲ್ಲೇ ಪುಟ ತಿರುಗಿಸುತ್ತಾರೆ. ಆದರೆ ಆ 9,250ಕ್ಕೆ ಖಾತ್ರಿ ಇರುವುದು ಐದೇ ವರ್ಷ. ಈ 8,125 ಹೆಂಡತಿ 90 ವರ್ಷ ಬದುಕಿದರೂ ಬರುತ್ತದೆ. ಮುಂದೆ ಬಡ್ಡಿ ಶೇ. 5ಕ್ಕೆ ಇಳಿದರೂ ಬರುತ್ತದೆ. ಅವರು ಯಾವ ಕಚೇರಿಗೂ ಹೋಗಿ ನವೀಕರಿಸಬೇಕಿಲ್ಲ, ಬದುಕಿದ್ದೇನೆ ಅಂತ ಪ್ರಮಾಣಪತ್ರ ಕೊಟ್ಟರೆ ಸಾಕು. ಬ್ಯಾಂಕ್ ವ್ಯವಹಾರ ಗೊತ್ತಿಲ್ಲದ, ಮಕ್ಕಳು ದೂರ ಇರುವ ಹೆಂಗಸರಿಗೆ ಇದು ಸಣ್ಣ ವಿಷಯವಲ್ಲ. ಇನ್ನೊಂದು ಉಪಯೋಗವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: 'ಅಮ್ಮಾ, ಬಿಸಿನೆಸ್ಸಿಗೆ ಹತ್ತು ಲಕ್ಷ ಕೊಡು' ಅಂತ ಮಗ ಕೇಳಿದರೂ ಈ ದುಡ್ಡನ್ನು ಸುಲಭವಾಗಿ ತೆಗೆದುಕೊಡಲು ಆಗುವುದಿಲ್ಲ.

ಕೆಡುಕೂ ಅಷ್ಟೇ ಸ್ಪಷ್ಟ. 8,125 ಎಂದಿಗೂ 8,125. ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ ಹನ್ನೆರಡು ವರ್ಷದಲ್ಲಿ ಅದರ ಕೊಳ್ಳುವ ಶಕ್ತಿ ಅರ್ಧವಾಗುತ್ತದೆ. ಹಾಗಾಗಿ 60ಕ್ಕೇ ಎಲ್ಲ ದುಡ್ಡು ಇಲ್ಲಿ ಹಾಕುವುದು ನನಗೆ ಸರಿ ಕಾಣುವುದಿಲ್ಲ. 70ರ ಆಸುಪಾಸಿನಲ್ಲಿ, ಓಡಾಟ ಕಡಿಮೆಯಾದಾಗ, ಒಂದು ಭಾಗ ಹಾಕಿದರೆ ಸರಿ. ಅಸಲು ವಾಪಸ್ ಬೇಡ ಅನ್ನುವವರಿಗೆ ವಯಸ್ಸಾದಷ್ಟೂ ದರವೂ ಏರುತ್ತದೆ.

ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ಎನ್‌ಪಿಎಸ್‌ನಲ್ಲಿ ಇರುವವರಿಗೆ ಈ ಆಯ್ಕೆ ಪೂರ್ತಿ ಕೈಯಲ್ಲಿಲ್ಲ. ದೊಡ್ಡ ಮೊತ್ತವಿದ್ದರೆ ಸರ್ಕಾರಿ ನೌಕರರು ಶೇ. 40ರಷ್ಟನ್ನು ಆನ್ಯುಟಿಗೆ ಹಾಕಲೇಬೇಕು. ಖಾಸಗಿಯವರಿಗೆ 2025ರ ಡಿಸೆಂಬರ್‌ನ ನಿಯಮದಿಂದ ಅದು ಶೇ. 20ಕ್ಕೆ ಇಳಿದಿದೆ. ರಾಜ್ಯದಲ್ಲಿ 2006ರ ಏಪ್ರಿಲ್ 1ರ ನಂತರ ಸೇರಿದವರು ಆಯ್ಕೆ ಫಾರಂ ತುಂಬುವಾಗ ಗಡಿಬಿಡಿಯಲ್ಲಿ 'ನಾನಿರುವವರೆಗೆ ಮಾತ್ರ' ಅನ್ನುವ ಆಯ್ಕೆಗೆ ಟಿಕ್ ಹಾಕಬೇಡಿ. ಆ ಟಿಕ್ ಒಂದೇ ಹೆಂಡತಿಗೆ ಪಿಂಚಣಿ ಬರುತ್ತಾ ಇಲ್ಲವಾ ಎಂಬುದನ್ನು ತೀರ್ಮಾನಿಸುತ್ತದೆ.

ಅಂದ ಹಾಗೆ ಬ್ಯಾಂಕಿನವರು ಫೋನಿನಲ್ಲಿ ಹೇಳುವ 'ಗ್ಯಾರಂಟಿ ಪ್ಲಾನ್' ಬಹಳ ಸಲ ಆನ್ಯುಟಿ ಅಲ್ಲ. ಹತ್ತು ವರ್ಷ ಕಂತು ಕಟ್ಟಬೇಕಾದ ಜೀವ ವಿಮೆ. ಸಂಬಳ ನಿಂತ ಮೇಲೆ ಕಂತು ಎಲ್ಲಿಂದ ಕಟ್ಟುವುದು, ಅಲ್ವಾ? ಈಗಾಗಲೇ ಸಹಿ ಹಾಕಿದ್ದರೆ, ಪಾಲಿಸಿ ಕೈಸೇರಿದ 30 ದಿನದೊಳಗೆ ವಾಪಸ್ ಮಾಡುವ ಹಕ್ಕು ನಿಮಗಿದೆ.

ಬೆಲೆ ಏರಿಕೆಗೆ: ಮ್ಯೂಚುವಲ್ ಫಂಡ್ ಅಥವಾ ಮನೆ ಬಾಡಿಗೆ

ಮೇಲಿನ ಯಾವುದೂ ಬೆಲೆ ಏರಿಕೆಗೆ ಉತ್ತರವಲ್ಲ. ಈಗ 35 ಸಾವಿರದಲ್ಲಿ ನಡೆಯುವ ಮನೆಗೆ ಹನ್ನೆರಡು ವರ್ಷದ ನಂತರ 70 ಸಾವಿರ ಬೇಕಾಗಬಹುದು. ಅದಕ್ಕೆ ಬೆಳೆಯುವ ದುಡ್ಡು ಸ್ವಲ್ಪವಾದರೂ ಇರಬೇಕು.

ನಮ್ಮವರ ಮೊದಲ ಆಯ್ಕೆ ಸೈಟು, ಮನೆ. ಇರುವ ಮನೆ ಮೇಲೆ ಒಂದು ಮಹಡಿ ಕಟ್ಟಿ ಬಾಡಿಗೆ ಕೊಡುವುದು ಲೆಕ್ಕಕ್ಕೆ ಸಿಗುತ್ತದೆ, ಜಾಗದ ದುಡ್ಡು ಹಾಕಬೇಕಿಲ್ಲವಲ್ಲ. ಬಾಡಿಗೆಯೂ ಬೆಲೆಯ ಜೊತೆ ಏರುತ್ತದೆ. ಆದರೆ ನಿವೃತ್ತಿಯ ದುಡ್ಡಲ್ಲಿ ಹೊಸ ಫ್ಲಾಟ್ ಕೊಳ್ಳುವುದು ಬೇರೆ ಮಾತು. 60 ಲಕ್ಷದ ಫ್ಲಾಟಿಗೆ 15 ಸಾವಿರ ಬಾಡಿಗೆ ಬಂದರೆ ವರ್ಷಕ್ಕೆ ಶೇ. 3. ಆಸ್ಪತ್ರೆಗೆ ದುಡ್ಡು ಬೇಕಾದಾಗ ಬರೀ ಅಡುಗೆಮನೆಯನ್ನು ಮಾರಲು ಆಗುತ್ತಾ?

ಮ್ಯೂಚುವಲ್ ಫಂಡಿನಲ್ಲಿ ಇಟ್ಟು ತಿಂಗಳು ತಿಂಗಳು ಇಷ್ಟು ಅಂತ ತೆಗೆಯುವುದು ಎಸ್‌ಡಬ್ಲ್ಯೂಪಿ. ತೆರಿಗೆಯ ಅನುಕೂಲ ಇದೆ. ತೆಗೆದದ್ದರಲ್ಲಿ ಲಾಭದ ಭಾಗಕ್ಕೆ ಮಾತ್ರ ತೆರಿಗೆ. ಶೇರು ಫಂಡಿನಲ್ಲಿ ಒಂದು ವರ್ಷ ದಾಟಿದ್ದರೆ ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ, ಮೇಲಿನದ್ದಕ್ಕೆ ಶೇ. 12.5. ಆದರೆ ಇದನ್ನು ಪಿಂಚಣಿ ಅಂತ ಮಾರುವವರ ಮಾತು ನಂಬಬೇಡಿ. 2008ರ ಜನವರಿಯಲ್ಲಿ 21 ಸಾವಿರದ ಹತ್ತಿರವಿದ್ದ ಸೆನ್ಸೆಕ್ಸ್ ಅಕ್ಟೋಬರ್ ಹೊತ್ತಿಗೆ 9 ಸಾವಿರಕ್ಕಿಂತ ಕೆಳಗೆ ಬಿದ್ದಿತ್ತು. ಆ ಜನವರಿಯಲ್ಲಿ ನಿವೃತ್ತರಾಗಿ, ಎಲ್ಲ ದುಡ್ಡು ಶೇರು ಫಂಡಿಗೆ ಹಾಕಿ, ತಿಂಗಳು ತಿಂಗಳು ತೆಗೆಯುತ್ತಾ ಹೋದವರ ಗತಿ ಯೋಚಿಸಿ. ಬಿದ್ದ ಬೆಲೆಗೆ ಮಾರಿದ ಯೂನಿಟ್ಟು ಮಾರುಕಟ್ಟೆ ಎದ್ದಾಗ ವಾಪಸ್ ಬರುವುದಿಲ್ಲ. ಮೊದಲ ಐದಾರು ವರ್ಷ ಮುಟ್ಟದೇ ಇರಬಲ್ಲ ದುಡ್ಡು ಮಾತ್ರ ಇಲ್ಲಿಗೆ ಹೋಗಬೇಕು.

ದಾವಣಗೆರೆಯ ಲೆಕ್ಕ

ಹಾಗಾದರೆ 60 ಲಕ್ಷವನ್ನು ನಾನು ಹೀಗೆ ಹಂಚುತ್ತೇನೆ. ಎಸ್‌ಸಿಎಸ್‌ಎಸ್‌ಗೆ 30 ಲಕ್ಷ, ಮಾಸಿಕ ಆದಾಯ ಯೋಜನೆಗೆ ಜಂಟಿಯಾಗಿ 15 ಲಕ್ಷ. ಇಪಿಎಸ್ ಸೇರಿ ತಿಂಗಳಿಗೆ 34,750. ಮೊದಲ ವರ್ಷದ ಖರ್ಚಿಗೆ ಹೆಚ್ಚುಕಡಿಮೆ ಸರಿಹೋಯಿತು. ಬ್ಯಾಂಕ್ ಎಫ್‌ಡಿಗಳಲ್ಲಿ 5 ಲಕ್ಷ, ಒಂದೇ ರಸೀದಿಯಲ್ಲಲ್ಲ, ಲಕ್ಷ ಲಕ್ಷದಂತೆ ಐದು. ಖರ್ಚು ವರ್ಷಕ್ಕೆ ಶೇ. 6ರಂತೆ ಏರಿದರೆ, ಬಡ್ಡಿದರ ಹೀಗೇ ಉಳಿದರೆ, ನಡುವೆ ಬೀಳುವ ಕೊರತೆಯನ್ನು ಈ ಐದು ಲಕ್ಷ ಸುಮಾರು ಏಳು ವರ್ಷ ತಳ್ಳುತ್ತದೆ. ಮಿಕ್ಕ 10 ಲಕ್ಷ ಆ ಏಳು ವರ್ಷ ಫಂಡಿನಲ್ಲಿ ಸುಮ್ನೆ ಬಿದ್ದಿರಲಿ. ಹೆದರಿಕೆ ಇದ್ದರೆ ಶೇರು, ಸಾಲಪತ್ರ ಎರಡೂ ಇರುವ ಹೈಬ್ರಿಡ್ ಫಂಡ್ ಆಗಬಹುದು.

ಹೆಂಡತಿಗೆ 60 ತುಂಬಿದ ವರ್ಷ ಮತ್ತೆ ಕೂತು ನೋಡಬೇಕು. ಮಾಸಿಕ ಯೋಜನೆಯ ದುಡ್ಡು ಐದನೇ ವರ್ಷಕ್ಕೆ ಕೈಗೆ ಬಂದಾಗ ಅದನ್ನು ಅವರ ಹೆಸರಿನ ಎಸ್‌ಸಿಎಸ್‌ಎಸ್‌ಗೆ ಹಾಕಬಹುದು.

ಏಳು ವರ್ಷದ ನಂತರ ಅಸಲು ಕರಗುತ್ತದೆ. ಕರಗಲಿ. 'ಅಸಲು ಮುಟ್ಟಬಾರದು' ಅಂತ ಹಟ ಹಿಡಿದು, ಮೊಣಕಾಲು ಆಪರೇಷನ್ ಮುಂದೂಡಿ, ಮಗನಿಗೆ 60 ಲಕ್ಷ ಬಿಟ್ಟುಹೋಗುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಆ ದುಡ್ಡು ದುಡಿದವರಿಗಾಗಿ ಇರುವುದು.

ತೆರಿಗೆ ಈ ದಂಪತಿಗೆ ತಲೆನೋವಲ್ಲ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇದೆ, ಇವರದ್ದು ಎಫ್‌ಡಿ ಬಡ್ಡಿ ಬಿಟ್ಟು ಸುಮಾರು 4.2 ಲಕ್ಷ. ಆದರೆ ಎಲ್ಲವೂ ಒಬ್ಬರ ಲೆಕ್ಕಕ್ಕೆ ಬಂದು 4 ಲಕ್ಷ ದಾಟಿದರೆ ತೆರಿಗೆ ಸೊನ್ನೆಯಾದರೂ ರಿಟರ್ನ್ ಹಾಕಬೇಕು. ಎಸ್‌ಸಿಎಸ್‌ಎಸ್ ಬಡ್ಡಿ ವರ್ಷಕ್ಕೆ ಒಂದು ಲಕ್ಷ ದಾಟುವುದರಿಂದ ಕೊಡುವಾಗಲೇ ತೆರಿಗೆ (ಟಿಡಿಎಸ್) ಹಿಡಿಯುತ್ತಾರೆ. ಅದು ಬೇಡವಾದರೆ, ಜನ 15ಎಚ್ ಅನ್ನುವ ಘೋಷಣಾ ಪತ್ರವನ್ನು ಪ್ರತಿ ಏಪ್ರಿಲ್‌ನಲ್ಲಿ ಕೊಡಬೇಕು. ಮರೆತರೆ ರಿಟರ್ನ್ ಹಾಕಿ ವಾಪಸ್ ಪಡೆಯುವ ಓಡಾಟ.

ಇನ್ನು ಕಾಗದಪತ್ರ. ಎಫ್‌ಡಿ, ಉಳಿತಾಯ ಖಾತೆ ಎರಡೂ 'ಇಬ್ಬರಲ್ಲಿ ಯಾರಾದರೊಬ್ಬರು ಅಥವಾ ಉಳಿದವರು' ಅನ್ನುವ ರೀತಿಯಲ್ಲಿ ಜಂಟಿಯಾಗಿರಲಿ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿ ಹಾಕಬಹುದು. ನಾಮಿನಿ ಅಂದರೆ ವಾರಸುದಾರ ಅಂತಲ್ಲ, ದುಡ್ಡು ಪಡೆದುಕೊಂಡು ಹಕ್ಕುದಾರರಿಗೆ ತಲುಪಿಸಬೇಕಾದವರು. ಹಾಗಾಗಿ ವಿಲ್ ಬೇರೆಯೇ ಬರೆಯಬೇಕು. ಎಸ್‌ಸಿಎಸ್‌ಎಸ್ ಬಡ್ಡಿ ಬಂದು ಬೀಳುವ ಖಾತೆಯ ಎಟಿಎಂ ಕಾರ್ಡನ್ನು ಹೆಂಡತಿ ಈಗಿನಿಂದಲೇ ಬಳಸಲಿ. ಬಡ್ಡಿ ಜಮೆಯಾಗುವುದು ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿಯ ಮೊದಲ ಕೆಲಸದ ದಿನ. ಆ ದಿನ ಪಾಸ್‌ಬುಕ್ ಎಂಟ್ರಿ ಮಾಡಿಸಲು ಅವರೇ ಹೋಗಲಿ.